ರಜೆ ಚೀಟಿ ಬರೆದು ಹೋದಾಕಿ

ಪಂಚಮಿಗೆ ಇನ್ನು ಎರಡೇ ದಿನ ಇತ್ತು. ಅಡಿಗೆ ಮನೆಯಿಂದ ಶೇಂಗಾ ಹುರಿಯುವ ವಾಸನೆ ಬರುತ್ತಿತ್ತು, ಪಡಸಾಲೆಯಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮೊಳದೆತ್ತರ ಏರಿ ಕುಂತಿದ್ದವು. ಅಂಥ ಹೊತ್ತಿನಲ್ಲಿ ಹಿತ್ತಲಿನಿಂದ 'ಧಪ್' ಅಂತ ಒಂದು ಸದ್ದು, ಅದರ ಬೆನ್ನಿಗೇ 'ಚಟ್' ಅಂತ ಇನ್ನೊಂದು. ಮೊದಲಿನದು ಚೆಂಡಿನದು, ಎರಡನೆಯದು ಹಂಚಿನದು ಅಂತ ತಿಳಿಯಲು ನಾನು ಏಳಬೇಕಾಗಲಿಲ್ಲ. ಆಮೇಲೆ ಬಂದ ಮೌನವೇ ಎಲ್ಲ ಹೇಳಿತು.

"ಅಜ್ಜಾ, ನಾ ಸಣ್ಣಗ ಒದ್ದಿದ್ದೆ. ಅದು ತಾನ ಮ್ಯಾಲೆ ಹೋತು."

ಮೊಮ್ಮಗಳು ಹುಬ್ಬಳ್ಳಿಯವಳು. ಹಬ್ಬಕ್ಕೆಂದು ತವರಿಗೆ ಬಂದ ಅವ್ವನ ಜೊತೆ ನಮ್ಮೂರು ಅಗಡಿಗೆ ಬಂದಿದ್ದಳು, ಚೀಲದಲ್ಲಿ ಅರಿವೆಗಿಂತ ಮೊದಲು ಚೆಂಡು ತುಂಬಿಕೊಂಡು. ಎಂಟನೇ ಇಯತ್ತೆ. ಓದಿನಲ್ಲಿ ಹೇಗೆ ಅಂತ ಕೇಳಬೇಡಿ, ಎಡಗಾಲಲ್ಲಿ ಚಲೋ ಇದ್ದಾಳೆ.

ಅವಳ ಅಜ್ಜಿಗೆ ಸುದ್ದಿ ಮುಟ್ಟುವ ಮೊದಲೇ ತುಂಡು ಆರಿಸಿ ಬಿಡೋಣ ಅಂತ ಇಬ್ಬರೂ ಕಳ್ಳರ ಹಾಗೆ ಹಿತ್ತಲಿಗೆ ಹೋದೆವು. ಅಲ್ಲಿರುವುದು ದನದ ಕೊಟ್ಟಿಗೆ. ದನ ಹೋಗಿ ಎಷ್ಟೋ ವರ್ಷವಾಯಿತು. ಈಗ ಗೋವಿನಜೋಳದ ಚೀಲ, ಒಂದು ಕೆಟ್ಟ ಸೈಕಲ್ಲು, ನಮ್ಮಪ್ಪ ಎಲ್ಲಿಂದಲೋ ತಂದು ಹೊದಿಸಿದ ಹಳೇ ಹಂಚು. ಒಡೆದ ತುಂಡಿನ ಮೇಲಿನ ಪಾಚಿ ಉಜ್ಜಿದರೆ ಉಬ್ಬಿದ ಇಂಗ್ಲಿಷ್ ಅಕ್ಷರ ಕಂಡವು. ಮೊಮ್ಮಗಳು ಕೂಡಿಸಿ ಓದಿದಳು: ಬಾಸೆಲ್ ಮಿಷನ್.

ಈ ಮಿಷನ್ನಿನ ಪಾದ್ರಿಗಳು ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಊರಿನ ಸಂಸ್ಥೆಯಿಂದ 1834ರಲ್ಲಿ ಮಂಗಳೂರಿಗೆ ಇಳಿದವರು, ಮೂರು ವರ್ಷಕ್ಕೆ ಧಾರವಾಡಕ್ಕೂ ಬಂದರು. ಬಂದದ್ದು ಧರ್ಮ ಹೇಳಲಿಕ್ಕೆ. ನಮ್ಮ ಜನ ಧರ್ಮ ಸ್ವಲ್ಪ ಕೇಳಿಸಿಕೊಂಡು, ಉಳಿದದ್ದನ್ನೆಲ್ಲ ಪೂರ್ತಿ ಇಟ್ಟುಕೊಂಡರು: 1843ರ 'ಮಂಗಳೂರು ಸಮಾಚಾರ', 1865ರ ಹಂಚಿನ ಕಾರ್ಖಾನೆ, 1894ರ ಕಿಟೆಲ್ ಸಾಹೇಬರ ನಿಘಂಟು. ಮೊದಲನೇ ಮಹಾಯುದ್ಧದಲ್ಲಿ ಜರ್ಮನರ ನಂಟು ಅಂತ ಕಾರ್ಖಾನೆಗಳು ಮಿಷನ್ನಿನ ಕೈ ಬಿಟ್ಟು ಹೋದವು. ಅಂದರೆ ಈ ಅಕ್ಷರದ ಹಂಚಿಗೆ ಏನಿಲ್ಲೆಂದರೂ ನೂರು ವರ್ಷ. ನೂರು ಮಳೆಗಾಲ ತಡೆದದ್ದು ಹುಬ್ಬಳ್ಳಿ ಹುಡುಗಿಯ ಒಂದು ಒದೆ ತಡೆಯಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಇದು ಹಂಚಿನ ಕಥೆಯಾಗಿ ಹೋಗುತ್ತಿತ್ತು. ಆದರೆ ಅವತ್ತು 2025ರ ಜುಲೈ 27. ರಾತ್ರಿ ಒಂಬತ್ತೂವರೆಗೆ ಯುರೋಪಿನ ಹೆಣ್ಣುಮಕ್ಕಳ ಫುಟ್‌ಬಾಲ್ ಫೈನಲ್, ಇಂಗ್ಲೆಂಡಿಗೂ ಸ್ಪೇನಿಗೂ. ಮೊಬೈಲನ್ನು ರೊಟ್ಟಿ ಬುಟ್ಟಿಗೆ ಆನಿಸಿ ನಿಲ್ಲಿಸಿಕೊಂಡು ಕುಂತಿದ್ದ ಮೊಮ್ಮಗಳು ಒಮ್ಮೆಲೇ ಕೂಗಿದಳು: "ಅಜ್ಜಾ, ನಮ್ಮ ಹಂಚಿನ ಊರು!" ಹೌದು, ಆಟ ನಡೆದದ್ದು ಬಾಸೆಲ್‌ನಲ್ಲಿ. ಅಡಿಗೆ ಮನೆಯಿಂದ ಅವಳ ಅಜ್ಜಿ, "ಯಾವ ಹಂಚು?" ಅಂದಳು. ಸತ್ಯ ಹೊರಗೆ ಬರುವುದು ಹೀಗೆ.

ಬೈಗುಳ ಒಂದು ಹದಕ್ಕೆ ಬಂದ ಮೇಲೆ ನಮ್ಮನೆಯಾಕಿಯೂ ಉಂಡೆ ಕಟ್ಟುತ್ತ ಬಂದು ಕುಂತಳು. ಸ್ವಲ್ಪ ಹೊತ್ತು ನೋಡಿ ಕೇಳಿದ್ದು ಒಂದೇ ಪ್ರಶ್ನೆ. "ಊರು ಅವರದು ಅಂತೀರಿ. ಆ ಊರ ಹುಡಿಗ್ಯಾರು ಎಲ್ಲಿ ಇದರಾಗ?"

ಮದುವೆ ಮನೆಗೆ ಹೋದರೆ ಮೊದಲು ಮನೆಯವರನ್ನು ಮಾತಾಡಿಸಬೇಕು ಅನ್ನುವವಳು ಆಕೆ. ಸ್ವಿಸ್ ಹುಡುಗಿಯರು ಎಂಟರ ಘಟ್ಟದಲ್ಲಿ ಸ್ಪೇನಿಗೆ ಎರಡು ಗೋಲಿನಿಂದ ಸೋತು ಒಂಬತ್ತು ದಿನದ ಹಿಂದೆಯೇ ಮನೆಗೆ ಹೋಗಿದ್ದರು. ಅವರ ಹಳೇ ಹುಲಿ ರಮೋನಾ ಬಾಕ್ಮನ್ ಅಂತೂ ಆಡಲೇ ಇಲ್ಲ. ಹದಿನಾರನೇ ವಯಸ್ಸಿಗೆ ಸ್ವೀಡನ್ನಿಗೆ ಹೋಗಿ ಆಡಿದ ಹೆಣ್ಣುಮಗಳು, ತನ್ನ ದೇಶದಲ್ಲೇ ಜಾತ್ರೆ ನೆರೆಯುವ ಒಂದು ತಿಂಗಳು ಮೊದಲು ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡು ಹೊರಗೆ ಉಳಿದಳು. ಅಲೀಶಾ ಲೇಮನ್ ಅಂತ ಇನ್ನೊಬ್ಬಳಿದ್ದಾಳೆ, ಇನ್‌ಸ್ಟಾಗ್ರಾಮಿನಲ್ಲಿ ಒಂದೂವರೆ ಕೋಟಿಗೂ ಮೀರಿದ ಹಿಂಬಾಲಕರು. ಮೊಮ್ಮಗಳು ಅವಳ ಕೂದಲನ್ನು ತೋರಿಸಿದಳು, ಅಜ್ಜಿ ಮೆಚ್ಚಲಿಲ್ಲ.

ನನಗೆ ಹಿಡಿಸಿದ್ದು ಇವರಾರೂ ಅಲ್ಲ. ಆ ರಾತ್ರಿ ಆಟದ ನಡುವಿನ ಬಿಡುವಿನಲ್ಲಿ ಮೊಮ್ಮಗಳು ಒಂದು ಹಳೇ ಆಟದ ತುಣುಕು ತೋರಿಸಿದಳು. ಅದರಲ್ಲಿದ್ದಾಕೆ ಫಬಿಯೆನ್ ಹುಮ್. ಮುಂಚೂಣಿ ಆಟಗಾರ್ತಿ, ಅಂದರೆ ಗೋಲು ಹೊಡೆಯುವುದೇ ಕಸುಬು. ಆದರೆ ಕಸುಬು ಅಂದರೆ ಮತ್ತೆ ತಪ್ಪಾಗುತ್ತದೆ. ಹೊಟ್ಟೆಪಾಡಿಗೆ ಆಕೆ ಮಾಡುತ್ತಿದ್ದದ್ದು ಕಚೇರಿ ಕೆಲಸ. ನಮ್ಮ ಮಾತಿನಲ್ಲಿ ಕಾರಕೂನಿಕೆ.

ಇಲ್ಲಿ ನಾನು ಸರಿಯಾಗಿ ಎದ್ದು ಕುಂತೆ. ಯಾಕೆಂದರೆ ನಾನೂ ಮೂವತ್ತೊಂದು ವರ್ಷ ಒಂದು ಸೊಸೈಟಿಯಲ್ಲಿ ಕಾರಕೂನನಾಗಿದ್ದವನು. ಖಾತೆ, ಕಿರ್ದಿ, ರಸಗೊಬ್ಬರದ ಪಾವತಿ ಪುಸ್ತಕ. ಆ ಮೂವತ್ತೊಂದು ವರ್ಷದಲ್ಲಿ ನಾನು ಬರೆದ ರಜೆ ಚೀಟಿಗಳಲ್ಲಿ ಮೂರೇ ಮೂರು ಕಾರಣ ಇರುತ್ತಿದ್ದವು: ಜ್ವರ, ಬೀಗರ ಮನೆಯ ಮದುವೆ, ಗೊಂಜಾಳ ಬಿತ್ತನೆ. ಸ್ವಿಟ್ಜರ್‌ಲ್ಯಾಂಡಿನ ಹೆಂಗಸರ ಲೀಗಿನಲ್ಲಿ ಆಡುವವರು ಬಹಳ ಮಂದಿ ಹೀಗೆ ಹಗಲು ಕೆಲಸ ಅಥವಾ ಓದು, ಸಂಜೆ ತಾಲೀಮು ಅಂತ ಎರಡು ದೋಣಿಯ ಮೇಲೆ ಕಾಲಿಟ್ಟವರೇ. ಹಾಗಾದರೆ ಹುಮ್ ಕೂಡ 2015ರಲ್ಲಿ ತನ್ನ ಸಾಹೇಬರ ಮುಂದೆ ರಜೆ ಕೇಳಲು ನಿಂತಿರಬೇಕಲ್ಲ? 'ಮಾನ್ಯರೇ, ಕೆನಡಾದಲ್ಲಿ ವಿಶ್ವಕಪ್ ಇರುವುದರಿಂದ ನನಗೆ ಇಷ್ಟು ದಿನ ರಜೆ ಮಂಜೂರು ಮಾಡಬೇಕಾಗಿ ವಿನಂತಿ.' ಅಂಥ ಒಂದು ಚೀಟಿ ನಾನು ಬರೆದಿದ್ದರೆ ನಮ್ಮ ಸೆಕ್ರೆಟರಿ, "ಬದಲಿ ವ್ಯವಸ್ಥೆ ಏನು?" ಅಂತ ಅದರ ಮೇಲೇ ಗೀಚಿ ವಾಪಸ್ ಕಳಿಸುತ್ತಿದ್ದ.

ಸ್ವಿಸ್ ಹೆಂಗಸರಿಗೆ ಅದು ಮೊಟ್ಟಮೊದಲ ವಿಶ್ವಕಪ್. ಮೊದಲ ಆಟ ಜಪಾನಿಗೆ ಸೋತಿದ್ದರು. ಎರಡನೆಯದು ಜೂನ್ 12ಕ್ಕೆ ವ್ಯಾಂಕೂವರಿನಲ್ಲಿ, ಈಕ್ವೆಡಾರ್ ವಿರುದ್ಧ. ಅರ್ಧ ಆಟ ಮುಗಿದಾಗ ಸ್ವಿಸ್ ಎರಡು ಗೋಲು ಮುಂದಿತ್ತು. ಹುಮ್ ಲೆಕ್ಕಕ್ಕೆ ಇನ್ನೂ ಒಂದೂ ಜಮಾ ಆಗಿರಲಿಲ್ಲ. ವಿರಾಮದ ನಂತರ 47ನೇ ನಿಮಿಷಕ್ಕೆ ಒಂದು ಹೊಡೆದಳು. 49ಕ್ಕೆ ಎರಡನೆಯದು. 52ಕ್ಕೆ ಮೂರನೆಯದು. ಮೊದಲ ಗೋಲಿನಿಂದ ಮೂರನೆಯದಕ್ಕೆ ಐದು ನಿಮಿಷ ಕೂಡ ತುಂಬಲಿಲ್ಲ. ಹೆಂಗಸರ ವಿಶ್ವಕಪ್ಪಿನಲ್ಲಿ ಅದಕ್ಕಿಂತ ಬೇಗ ಮೂರು ಗೋಲು ಹೊಡೆದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಹಿಂದಿನ ದಾಖಲೆ ಜಪಾನಿನ ಮಿಯೋ ಒಟಾನಿಯದು, ಎಂಟು ನಿಮಿಷ, 2003ರಲ್ಲಿ. ಗಂಡಸರಲ್ಲಿ ಹಂಗೇರಿಯ ಲಾಸ್ಲೋ ಕಿಸ್ 1982ರಲ್ಲಿ ಏಳು ನಿಮಿಷ ತೊಗೊಂಡಿದ್ದ. ಅವನ ತಂಡ ಗೆದ್ದದ್ದೂ 10–1ಕ್ಕೆ, ಇವಳ ತಂಡ ಗೆದ್ದದ್ದೂ 10–1ಕ್ಕೆ. ಪಂಚಾಂಗ ನೋಡುವವರು ಇದರಲ್ಲಿ ಏನಾದರೂ ಹುಡುಕಬಹುದು.

ಐದು ನಿಮಿಷ! ನಮ್ಮ ಕಡೆ ಐದು ನಿಮಿಷ ಅನ್ನುವುದು ಕಾಲದ ಅಳತೆ ಅಲ್ಲ, ಸಮಾಧಾನದ ಮಾತು. ಹೋಟೆಲಿನಲ್ಲಿ ಮಿರ್ಚಿ ಕೇಳಿದರೆ, "ಐದ್ ನಿಮಿಷ ರೀ, ಎಣ್ಣಿ ಕಾಯಾಕತ್ತೈತಿ." ಹಾವೇರಿ ಬಸ್ಸು ಯಾವಾಗ ಬರ್ತದ ಅಂದರೆ, "ಐದ್ ನಿಮಿಷದಾಗ ಬರ್ತೈತಿ ತೊಗೋರಿ." ಸೊಸೈಟಿಯಲ್ಲಿ ರೈತರು ಬಂದು ನಿಂತಾಗ ನಾನೇ ಎಷ್ಟು ಸಲ, "ಐದ್ ನಿಮಿಷ ಕುಂಡರ್ರಿ" ಅಂದು ಚಹಾಕ್ಕೆ ಹೋಗಿದ್ದೇನೆ. ಅದೆಲ್ಲ ಕೂಡಿಸಿದರೆ ಎಷ್ಟು ಗೋಲಾಗುತ್ತಿತ್ತೋ.

ಅದೇ ಆಟದಲ್ಲಿ ಬಾಕ್ಮನ್ ಕೂಡ ಮೂರು ಹೊಡೆದಳು. ಒಂದೇ ಆಟದಲ್ಲಿ ಇಬ್ಬರ ಹ್ಯಾಟ್ರಿಕ್. ಆದರೆ ನಮ್ಮನೆಯಾಕಿಯ ಕರುಳು ಹೋದದ್ದು ಎದುರು ಪಕ್ಷದ ಹುಡುಗಿಯ ಕಡೆಗೆ. ಈಕ್ವೆಡಾರಿನ ಆಂಜಿ ಪೊನ್ಸೆ ಅಂತ. ಪಾಪ, ಚೆಂಡು ತಡೆಯಲು ಹೋಗಿ ತನ್ನ ಬಲೆಗೇ ಒಮ್ಮೆ ಹೊಡೆದುಕೊಂಡಳು, ಎರಡನೇ ಸಲವೂ ಹಾಗೇ ಆಯಿತು. ನಡುವೆ ಪೆನಾಲ್ಟಿ ಸಿಕ್ಕಾಗ ಎದುರಿನವರ ಬಲೆಗೂ ಒಂದು ಹೊಡೆದಳು, ಈಕ್ವೆಡಾರ್ ಹೊಡೆದ ಆ ಒಂದೇ ಗೋಲು ಅವಳದೇ. ನಮ್ಮನೆಯಾಕಿ ಬೆರಳು ಮಡಚಿ ಎಣಿಸಿ ಅಂದಳು: "ಹಂಗಾದ್ರ ಆಕೀನೂ ಮೂರು ಹೊಡದ್ಲಲ್ಲ. ಆಕಿಗ್ಯಾಕ ಚಪ್ಪಾಳಿ ಇಲ್ಲ?"

ನಾನೂ ಮೊಮ್ಮಗಳೂ ಮುಖ ಮುಖ ನೋಡಿಕೊಂಡೆವು. ಕಿರ್ದಿ ಬರೆದವನಿಗೆ ಜಮಾ-ಖರ್ಚಿನ ಭೇದ ಗೊತ್ತು, ಆದರೆ ಈ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ.

ಸ್ವಿಸ್ ದೇಶ ಅಂದರೆ ಗಡಿಯಾರ, ಬ್ಯಾಂಕು, ಹಿಮ, ನಮ್ಮ ಸಿನಿಮಾ ಹೀರೋಗಳು ಹೀರೋಯಿನ್ನುಗಳ ಹಿಂದೆ ಓಡುವ ಹಸಿರು ಗುಡ್ಡ, ಎಲ್ಲದರಲ್ಲಿಯೂ ಮುಂದೆ ಅಂತ ತಿಳಿದವನು ನಾನು. ಆದರೆ ಅಲ್ಲಿಯ ಹೆಂಗಸರಿಗೆ ದೇಶದ ಚುನಾವಣೆಯಲ್ಲಿ ಓಟು ಸಿಕ್ಕಿದ್ದು 1971ರಲ್ಲಿ. ಅಪೆನ್‌ಝೆಲ್ ಅನ್ನುವ ಒಂದು ಒಳನಾಡಿನ ಗಂಡಸರಂತೂ ಸ್ಥಳೀಯ ಓಟಿಗೆ ಊರ ಸಭೆಯಲ್ಲಿ ಕೈ ಎತ್ತಿ ಬೇಡ ಬೇಡ ಅಂತ, ಕೊನೆಗೆ 1990ರಲ್ಲಿ ಕೋರ್ಟು ಹೇಳಿದ ಮೇಲೆಯೇ ಮಣಿದರು. ನಮ್ಮವ್ವ ಅಕ್ಷರ ಕಲಿತವಳಲ್ಲ. ಅಗಡಿ ಇನ್ನೂ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಯಲ್ಲಿದ್ದ ಕಾಲ. ಮೊದಲ ಚುನಾವಣೆಯಲ್ಲೇ ಸೆರಗು ಹೊದ್ದು ಹೋಗಿ, ಚಿತ್ರ ನೋಡಿ ತನಗೆ ಬೇಕಾದ ಪೆಟ್ಟಿಗೆಯಲ್ಲಿ ಚೀಟಿ ಹಾಕಿ ಬಂದಳು. ಯಾರಿಗೆ ಅಂತ ಅಪ್ಪನಿಗೂ ಹೇಳಲಿಲ್ಲ. ಆಗ ಸ್ವಿಸ್ ಹೆಂಗಸು ಇನ್ನೂ ಇಪ್ಪತ್ತು ವರ್ಷ ಕಾಯುವುದಿತ್ತು.

ಓಟಿನ ಕಥೆಯೇ ಹೀಗಾದರೆ ಚೆಂಡಿನ ಕಥೆ ಕೇಳಬೇಕೆ. 1965ರಲ್ಲಿ ಮದಲೆನ್ ಬೋಲ್ ಅಂತ ಹನ್ನೆರಡು ವರ್ಷದ ಹುಡುಗಿ ಸಿಯೋನ್ ಊರಿನ ಹುಡುಗರ ತಂಡದಲ್ಲಿ ಆಡುತ್ತಿದ್ದಳು. ಫುಟ್‌ಬಾಲ್ ಸಂಘದವರು ಪರವಾನಗಿ ಚೀಟಿ ಕೊಟ್ಟಿದ್ದರು. ಕೊಟ್ಟದ್ದು ಕಣ್ತಪ್ಪಿನಿಂದ! ದೊಡ್ಡವರ ಆಟಕ್ಕೆ ಮೊದಲು ನಡೆದ ಮಕ್ಕಳ ಆಟದಲ್ಲಿ ಅವಳನ್ನು ಊರೆಲ್ಲ ನೋಡಿತು, ಪತ್ರಿಕೆಯವರು ಬರೆದರು, ಸಂಘದವರು ಚೀಟಿ ಕಿತ್ತುಕೊಂಡರು. ಯಾವನೋ ಕಾರಕೂನ ಹೆಸರು ಸರಿಯಾಗಿ ನೋಡದೆ ಠಸ್ಸೆ ಒತ್ತಿರಬೇಕು. ಸ್ವಜಾತಿಯ ಅಭಿಮಾನ ಅಂತ ತಿಳಿಯಬೇಡಿ, ಜಗತ್ತಿನಲ್ಲಿ ಕಾರಕೂನರ ತಪ್ಪಿನಿಂದ ಆದಷ್ಟು ಒಳ್ಳೆಯದು ಸಾಹೇಬರ ಆದೇಶದಿಂದ ಆಗಿಲ್ಲ. ಹುಡುಗಿ ಬಿಡಲಿಲ್ಲ, ಮುಂದೆ ಇಟಲಿಗೆ ಹೋಗಿ ಆಡಿದಳು.

"ಕಾಲಿನ ಆಟ ಅಂದ್ರ ಹೆಣ್ಣುಮಕ್ಕಳಿಗೆ ಹೊಸಾದೇನು?" ಅಂದಳು ನಮ್ಮನೆಯಾಕಿ. "ನಾವು ಪಂಚಮ್ಯಾಗ ಜೋಕಾಲಿ ಜೀಕಿದ್ದು ಕಾಲಿಂದ ಅಲ್ಲೇನು?" ಅದು ಖರೆ. ಹಬ್ಬಕ್ಕೆ ತವರಿಗೆ ಬಂದ ಹುಡುಗಿಯರು ಇಬ್ಬಿಬ್ಬರು ಎದುರು ಬದುರು ನಿಂತು ಮೊಣಕಾಲು ಮಡಿಸಿ ಚಾಚಿ ಜೀಕಿದರೆ ಹಗ್ಗ ಕಿರುಗುಟ್ಟುತ್ತಿತ್ತು. ಮದುವೆಯಾದ ಮೊದಲ ವರ್ಷ ನಾನು ಉಂಡಿ ಡಬ್ಬಿ ಹಿಡಿದು ಅತ್ತೆಯ ಊರಿಗೆ ಹೋದಾಗ ಈಕೆ ಬೇವಿನ ಗಿಡದ ತುದಿ ಎಲೆಗೆ ಅಂಗಾಲು ಮುಟ್ಟಿಸಿ ಬರುತ್ತಿದ್ದದ್ದನ್ನು ಕಂಡಿದ್ದೇನೆ. ಅವತ್ತಿನಿಂದ ನಾನು ಮನೆಯಲ್ಲಿ ತಗ್ಗಿದ ದನಿಯಲ್ಲೇ ಮಾತಾಡುವುದು. ಗಂಡಸರ ಪಂಚಮಿ ಆಟ ಅಂದರೆ ನಿಂಬೆಹಣ್ಣು ಎಸೆಯುವುದು, ಇಷ್ಟು ಎಸೆತಕ್ಕೆ ಇಂಥ ಊರ ಅಗಸಿ ಮುಟ್ಟಿಸುತ್ತೇನೆ ಅಂತ ಪಣ ಕಟ್ಟುವುದು. ನಿಂಬೆಹಣ್ಣಿಗೆ ಪಣ ಇತ್ತು, ಜೋಕಾಲಿಗೆ ಇರಲಿಲ್ಲ. ಲೆಕ್ಕ ಇಟ್ಟವರೂ ಇಲ್ಲ.

ಮೊಮ್ಮಗಳಿಗೆ ಮುಂಚೂಣಿ ಆಟಗಾರ್ತಿಯ ಕೆಲಸ ಏನು ಅಂತ ಕೇಳಿದೆ. "ಏನಿಲ್ಲಜ್ಜ, ತೊಂಬತ್ತು ನಿಮಿಷ ಓಡಾಡ್ಕೋತ ಇರೋದು. ಚೆಂಡು ಬರೋ ಹೊತ್ತಿಗೆ ಬರೋ ಜಾಗದಾಗ ಇರೋದು." ಬಹಳ ಆಟಗಳಲ್ಲಿ ಚೆಂಡು ಬರುವುದೇ ಇಲ್ಲವಂತೆ. ಹೊತ್ತು ನೋಡಿ ನಿಲ್ಲುವ ಈ ಕೆಲಸದ ಮಾತು ಕೇಳಿ ನನಗೆ ರಾಣೇಬೆನ್ನೂರು ಕಡೆಯ ಬೀಜೋತ್ಪಾದನೆಯ ಹೊಲ ನೆನಪಾಯಿತು. ಅಲ್ಲಿ ಹೆಣ್ಣಾಳುಗಳು ಕ್ರಾಸಿಂಗ್ ಮಾಡುವುದನ್ನು ನೋಡಿದ್ದೀರಾ? ಹತ್ತಿಯದಾದರೆ, ನಾಳೆ ಅರಳುವ ಮೊಗ್ಗನ್ನು ಇವತ್ತು ಮಧ್ಯಾಹ್ನ ಇಳಿಹೊತ್ತಿಗೆ ಗುರುತು ಹಿಡಿದು, ಉಗುರಿನಿಂದ ಸುಲಿದು, ಒಳಗಿನ ಗಂಡು ಕೇಸರ ತೆಗೆಯಬೇಕು, ನಡುವಿನ ಕಡ್ಡಿಗೆ ಗಾಯವಾಗದಂತೆ. ಮರುದಿನ ಮುಂಜಾನೆ ಇನ್ನೊಂದು ತಳಿಯ ಹೂ ತಂದು ಅದರ ಪರಾಗ ಸವರಬೇಕು. ಹೊತ್ತು ಏರಿದರೆ ಕೆಲಸ ಕೆಟ್ಟಿತು. ಧಾರವಾಡದಲ್ಲಿ ಡಾ. ಕಟರಕಿಯವರು 1972ರಲ್ಲಿ ವರಲಕ್ಷ್ಮಿ ಹತ್ತಿ ಕೊಟ್ಟರಲ್ಲ, ಆ ಸಂಕರಣ ಬೀಜ ಹೊಲ ಹೊಲಕ್ಕೆ ಮುಟ್ಟಿದ್ದು ಇಂಥ ಸಾವಿರ ಬೆರಳುಗಳಿಂದ. ಡಾಕ್ಟರರ ಹೆಸರು ನಮಗೆ ಗೊತ್ತು, ಬೆರಳಿನವರದು ಗೊತ್ತಿಲ್ಲ. ಬ್ಯಾಡಗಿಯ ಸುಗ್ಗಿಯಲ್ಲಿ ಮೆಣಸಿನಕಾಯಿ ತುಂಬು ಬಿಡಿಸುವವರೂ ಹಾಗೆಯೇ, ಘಾಟಿಗೆ ಮೂಗಿಗೆ ಸೆರಗು ಕಟ್ಟಿಕೊಂಡು ಕೂತಾಗ ಯಾರು ಯಾರೋ.

ನಮ್ಮ ದೇಶದ ಫುಟ್‌ಬಾಲ್ ಹುಡುಗಿಯರದೂ ನೌಕರಿ, ಆಟ ಅಂತ ಅದೇ ಎರಡು ದೋಣಿ. ಬಾಲಾ ದೇವಿ ಅಂತ ಮಣಿಪುರದವಳು, ಗೋಲು ಹೊಡೆಯುವುದರಲ್ಲಿ ಅವಳ ಸಮ ಇಲ್ಲ. 2020ರಲ್ಲಿ ಸ್ಕಾಟ್‌ಲ್ಯಾಂಡಿನ ರೇಂಜರ್ಸ್ ಕ್ಲಬ್ಬಿಗೆ ಹೋಗಿ, ಯುರೋಪಿನಲ್ಲಿ ಸಂಬಳಕ್ಕೆ ಆಡಿದ ಮೊದಲ ಭಾರತೀಯ ಹೆಣ್ಣುಮಗಳಾದಳು. ಅವಳ ನೌಕರಿ? ಮಣಿಪುರ ಪೊಲೀಸ್. ಸ್ವಿಸ್ ನೆಲದಲ್ಲಿ ಯುರೋಪಿನ ಜಾತ್ರೆ ಶುರುವಾದ ಅದೇ ವಾರ, ಜುಲೈ 5ಕ್ಕೆ, ಥೈಲ್ಯಾಂಡಿನ ಚಿಯಾಂಗ್ ಮಾಯ್‌ನಲ್ಲಿ ನಮ್ಮವರು ಥಾಯ್ ತಂಡವನ್ನು ಅವರ ಮನೆಯಲ್ಲೇ 2–1ಕ್ಕೆ ಸೋಲಿಸಿ ಏಷ್ಯಾ ಕಪ್ಪಿಗೆ ಹೋದರು. ಅರ್ಹತೆಯ ಪಂದ್ಯ ಗೆದ್ದು ಹೋದದ್ದು ಅದೇ ಮೊದಲು. ಎರಡೂ ಗೋಲು ಬಂಗಾಳದ ಸಂಗೀತಾ ಬಾಸ್ಫೋರ್‌ಳದು. ಅಗಡಿಯ ಕಟ್ಟೆಯಲ್ಲಿ ಅವತ್ತು ಅದರ ಸುದ್ದಿ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ, ನನಗೂ ಗೊತ್ತಾದದ್ದು ಮೊಮ್ಮಗಳಿಂದ. ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ 2023ರಲ್ಲಿ ರಾಷ್ಟ್ರೀಯ ಹೆಂಗಸರ ಲೀಗಿನ ಫೈನಲ್ ಮುಟ್ಟಿ ಕೇರಳದ ಗೋಕುಲಂಗೆ ಐದು ಗೋಲಿನಿಂದ ಸೋತದ್ದನ್ನೂ ಅವಳೇ ಹೇಳಿದಳು, ತಾನೇ ಸೋತವಳ ಹಾಗೆ ತುಟಿ ಉಬ್ಬಿಸಿ.

ನೌಕರಿ ಒಂದು, ಜೀವ ಇನ್ನೊಂದರಲ್ಲಿ ಅನ್ನುವುದಕ್ಕೆ ಅಗಡಿಯವರು ದೂರ ಹೋಗಬೇಕಿಲ್ಲ. ನಮ್ಮೂರಿನ ಆನಂದವನ ಆಶ್ರಮದಿಂದ 'ಸದ್ಬೋಧ ಚಂದ್ರಿಕೆ' ಪತ್ರಿಕೆ ಹೊರಡುತ್ತಿದ್ದ ಕಾಲದಲ್ಲಿ ಗಳಗನಾಥರು ಅದಕ್ಕೆ ದುಡಿದರು. ವೃತ್ತಿಯಿಂದ ಕನ್ನಡ ಸಾಲೆಯ ಮಾಸ್ತರರು. ಮಗ್ಗಿ ಹೇಳಿಸಿದ ಕೈಯಲ್ಲೇ 'ಮಾಧವ ಕರುಣಾ ವಿಲಾಸ'ದಂಥ ಕಾದಂಬರಿ ಬರೆದರು. ಬರೆದು ಸುಮ್ಮನೆ ಕೂಡಲಿಲ್ಲ, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಗೋಲು ಹೊಡೆದವರೇ ಚೆಂಡು ಹೊತ್ತು ತಂದ ಹಾಗೆ. ಇದನ್ನು ಮೊಮ್ಮಗಳಿಗೆ ಹೇಳಿದರೆ, "ಅಜ್ಜಾ, ನೀ ನೌಕರಿ ಬಿಟ್ಟು ಮತ್ತೇನು ಮಾಡ್ತಿದ್ದಿ?" ಅಂದಳು. ನಾನು ಮೊಬೈಲಿನ ಕಡೆ ಕೈ ಮಾಡಿ, "ಆಟ ನೋಡು" ಅಂದೆ.

ಹುಮ್‌ಳದು ಆ ಐದು ನಿಮಿಷಕ್ಕೇ ಮುಗಿಯಲಿಲ್ಲ, ಅದೇ ನನಗೆ ಹಿಡಿಸಿದ್ದು. ಕೆನಡಾದಿಂದ ಬಂದು ಜ್ಯೂರಿಕ್ ಕ್ಲಬ್ಬಿಗೆ ಆಡುತ್ತಲೇ ಇದ್ದಳು. ಏಳು ವರ್ಷ ಕಳೆದು 2022ರ ಅಕ್ಟೋಬರ್. ಮುಂದಿನ ವಿಶ್ವಕಪ್ಪಿಗೆ ಹೋಗಬೇಕೆಂದರೆ ವೇಲ್ಸ್ ತಂಡವನ್ನು ಸೋಲಿಸಬೇಕಿತ್ತು. ಆಟ ಜ್ಯೂರಿಕ್‌ನಲ್ಲಿ. ತೊಂಬತ್ತು ನಿಮಿಷಕ್ಕೆ 1–1. ಹೆಚ್ಚಿನ ಅರ್ಧ ತಾಸೂ ತೀರಿತು, ಇನ್ನೇನು ಪೆನಾಲ್ಟಿಗೆ ಹೋಗಬೇಕು, ಜನ ಉಗುರು ಕಚ್ಚಲು ಕೈ ಎತ್ತಿದ್ದಾರೆ, 121ನೇ ನಿಮಿಷಕ್ಕೆ ಬದಲಿ ಆಟಗಾರ್ತಿಯಾಗಿ ಇಳಿದಿದ್ದ ಮೂವತ್ತೈದರ ಹುಮ್ ಕಾಲು ಚಾಚಿದಳು. ಮರುವರ್ಷ ಮೂವತ್ತಾರಕ್ಕೆ ಮತ್ತೆ ವಿಶ್ವಕಪ್ ತಂಡದಲ್ಲಿದ್ದಳು. ನಮ್ಮ ಸೆಕ್ರೆಟರಿ ಕೇಳುತ್ತಿದ್ದ 'ಬದಲಿ ವ್ಯವಸ್ಥೆ' ಅಂದರೆ ಇದೇ ಇರಬೇಕು.

ಬಾಸೆಲ್‌ನಲ್ಲಿ ಅವತ್ತು ಇಂಗ್ಲೆಂಡ್ ಪೆನಾಲ್ಟಿಯಲ್ಲಿ ಗೆದ್ದಿತು. ಕೊನೆಯ ಹೊಡೆತಕ್ಕೆ ಬಂದ ಕ್ಲೋಯಿ ಕೆಲ್ಲಿ ಒಂಟಿಕಾಲಿನಲ್ಲಿ ಕುಪ್ಪಳಿಸಿ ಓಡಿದ್ದನ್ನು ಕಂಡು ನಮ್ಮನೆಯಾಕಿ, "ಅಯ್ಯ, ಕುಂಟಾಪಿಲ್ಲಿ!" ಅಂದಳು. ಅಷ್ಟೊತ್ತಿಗೆ ಮೊಮ್ಮಗಳ ಅವ್ವ ನಿದ್ದೆ ಹೋಗಿದ್ದಳು, ತಂಬಿಟ್ಟು ಒಂದು ಕಡೆ ಗಟ್ಟಿಯಾಗಿತ್ತು, ಮಳೆ ಹಿಡಿದಿತ್ತು. ಕೊಟ್ಟಿಗೆಯಲ್ಲಿ ಹಂಚಿಲ್ಲದ ಕಿಂಡಿಯ ಕೆಳಗೆ ನಾನು ಇಟ್ಟು ಬಂದ ಬಕೆಟ್ಟು ಟಣ್ ಟಣ್ ಅನ್ನುತ್ತಿತ್ತು.

ಒಡೆದ ಹಂಚಿನ ಎರಡು ದೊಡ್ಡ ತುಂಡನ್ನು ಮರುದಿನ ಮೊಮ್ಮಗಳು ಹಿತ್ತಲಲ್ಲಿ ಆರು ಹೆಜ್ಜೆ ಅಂತರಕ್ಕೆ ನೆಟ್ಟಳು. ಒಂದರ ಮೇಲೆ 'ಬಾಸೆಲ್', ಇನ್ನೊಂದರ ಮೇಲೆ 'ಮಿಷನ್'. ನಡುವೆ ನನ್ನನ್ನು ನಿಲ್ಲಿಸಿದಳು. ಹಬ್ಬ ಮುಗಿಸಿ ಅವಳು ಹುಬ್ಬಳ್ಳಿಗೆ ಹೋದ ಮೇಲೂ ಅವನ್ನು ನಾನು ಕಿತ್ತಿಲ್ಲ.

ಹಂಚು ಕೂಡಿಸುವವನಿಗೆ ಹೇಳಿ ಕಳಿಸಿದ್ದೆ. ಬಂದು, ಸೊಂಟಕ್ಕೆ ಕೈ ಕೊಟ್ಟು ಮೇಲೆ ನೋಡಿ, "ಐದ್ ನಿಮಿಷದ ಕೆಲಸ ರೀ ಇದು" ಅಂದು ಹೋದ. ದೀಪಾವಳಿ ಬಂತು.